ಮೊಂಡಾಗದ ಬ್ಲೇಡು

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಹೋಟೆಲಿಗೆ ಸೇರಿದ ವಾರದೊಳಗೆ ಅದು ಹಾಜರಿಗಷ್ಟೇ ಉಳಿದು, ಎಲ್ಲರ ಬಾಯಲ್ಲೂ ಅವನು ‘ಕುರುಚಲು’ ಆದ. ಬೆಳಿಗ್ಗೆ ಎಷ್ಟೇ ನುಣ್ಣಗೆ ಕೆರೆದುಕೊಂಡು ಬಂದರೂ ಮಧ್ಯಾಹ್ನದ ಊಟ ಬಡಿಸುವ ಹೊತ್ತಿಗೆ ಗಲ್ಲದ ಮೇಲೆ ಕೊಯ್ದ ಗದ್ದೆಯ ಕೂಳೆಯ ಹಾಗೆ ಗಡ್ಡ ಎದ್ದು ನಿಲ್ಲುತ್ತಿತ್ತು. ದೇವರು ಕೆಲವರಿಗೆ ಬುದ್ಧಿ ಹಂಚಿದ, ಕೆಲವರಿಗೆ ಆಸ್ತಿ ಹಂಚಿದ; ಇವನ ಸರದಿ ಬಂದಾಗ ಉಗ್ರಾಣದಲ್ಲಿ ಗಡ್ಡವೊಂದೇ ಉಳಿದಿತ್ತು, ಅದನ್ನೇ ಧಾರಾಳವಾಗಿ ಸುರಿದ. ಹೀಗೆಂದು ಅವನೇ ಹೇಳಿಕೊಂಡು ನಗಿಸುತ್ತಿದ್ದ. ಬೇರೆಯವರು ಹೇಳುವ ಮೊದಲು ನಾವೇ ಹೇಳಿಬಿಟ್ಟರೆ ಅಷ್ಟಾಗಿ ಚುಚ್ಚುವುದಿಲ್ಲ ಎಂಬುದು ಅವನು ಕಂಡುಕೊಂಡ ಸತ್ಯ.

ಬೇರೆ ಕೆಲಸದಲ್ಲಿದ್ದಿದ್ದರೆ ಗಡ್ಡ ಅವನ ಸ್ವಂತ ವಿಷಯವಾಗಿರುತ್ತಿತ್ತು. ಆದರೆ ಅವನದು ದೊಡ್ಡ ಹೋಟೆಲಿನಲ್ಲಿ ಬೆಳಗಿನ ಪಾಳಿಯಲ್ಲಿ ಬಡಿಸುವ ಕೆಲಸ. ಕಪ್ಪು ಪ್ಯಾಂಟು, ಬಿಳಿ ಅಂಗಿ, ಕೊರಳಿಗೆ ಕೊಕ್ಕೆ ಹಾಕಿ ಸಿಕ್ಕಿಸುವ ಬೋ ಟೈ. ಪಾಳಿ ಶುರುವಾಗುವ ಮುನ್ನ ಅಡುಗೆಮನೆಯ ಹಿಂದಿನ ಓಣಿಯಲ್ಲಿ ಎಲ್ಲರೂ ಸಾಲಾಗಿ ನಿಲ್ಲಬೇಕು. ಮೇಲ್ವಿಚಾರಕರು ಬಂದು ಉಗುರು ನೋಡುತ್ತಾರೆ, ಬೂಟು ನೋಡುತ್ತಾರೆ, ಕೊನೆಗೆ ಜೇಬಿನಿಂದ ಒಂದು ಚೂರು ಹತ್ತಿ ತೆಗೆದು ಒಬ್ಬೊಬ್ಬರ ಕೆನ್ನೆಯ ಮೇಲೂ ಕೆಳಗಿನಿಂದ ಮೇಲಕ್ಕೆ ಸವರುತ್ತಾರೆ. ಒಂದೇ ಒಂದು ಎಳೆ ಅಂಟಿಕೊಂಡರೂ ಆ ದಿನ ಊಟದ ಹಾಲಿಗೆ ಕಾಲಿಡುವಂತಿಲ್ಲ, ಪಾತ್ರೆ ತೊಳೆಯುವ ಕಡೆ ಹೋಗಬೇಕು. ಅಲ್ಲಿ ಟಿಪ್ಸ್ ಕೊಡುವ ಗಿರಾಕಿಗಳಿಲ್ಲ. ಹಬೆ ಇದೆ, ಬೇಕಾದಷ್ಟು. ಮೇಲ್ವಿಚಾರಕರಿಗೆ ‘ಹತ್ತಿ ಸಾಹೇಬರು’ ಎಂಬ ಬಿರುದು ಬಂದದ್ದು ಹೀಗೆ.

“ಇದೇನಯ್ಯಾ, ಕೆನ್ನೆನೋ, ಕಾಲೊರೆಸೋ ಚಾಪೆನೋ?” ಎನ್ನುತ್ತಿದ್ದರು ಹತ್ತಿ ಸಾಹೇಬರು, ಅವನ ಮುಂದೆ ನಿಂತು.

“ಈಗ ತಾನೇ ಮಾಡ್ಕೊಂಡು ಬಂದೆ ಸಾರ್.”

“ಮಾಡ್ಕೊಂಡೆ ಅಂತ ನೀನು ಹೇಳ್ತೀಯ, ಇಲ್ಲ ಅಂತ ಹತ್ತಿ ಹೇಳುತ್ತೆ. ನಿಮ್ಮಿಬ್ಬರಲ್ಲಿ ಹತ್ತಿಗೆ ಸುಳ್ಳು ಹೇಳೋ ಅಗತ್ಯ ಇಲ್ಲ.”

ಹೀಗಾಗಿ ಅವನು ಮಾರುಕಟ್ಟೆಯಲ್ಲೇ ದುಬಾರಿಯಾದ ರೇಜರು ಕೊಂಡ. ಪ್ಲಾಸ್ಟಿಕ್ ಹಿಡಿ, ಐದು ಅಲಗು, ಕೆನ್ನೆಯ ಉಬ್ಬುತಗ್ಗಿಗೆ ತಕ್ಕಂತೆ ಬಳುಕುವ ತಲೆ. ತಲೆ ಸವೆದರೆ ತಲೆಯನ್ನಷ್ಟೇ ಬದಲಾಯಿಸಬೇಕು, ಆ ತಲೆಗೇ ಬೆಲೆ. ಅಂಗಡಿಯವನು ಅವುಗಳನ್ನು ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ ಇರಬೇಕು. ಒಂದು ತಲೆ ತಿಂಗಳು ಬಾಳುತ್ತದೆ ಎಂದು ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವನದು ವಾರ ದಾಟುವ ಮೊದಲೇ ಮೊಂಡಾಗುತ್ತಿತ್ತು. ನಿನ್ನೆ ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿದ್ದು ಇವತ್ತು ಕೂದಲನ್ನು ಹಿಡಿದು ಎಳೆಯುತ್ತಿತ್ತು. ನಸುಕಿನಲ್ಲಿ ಬಚ್ಚಲ ಕನ್ನಡಿಯ ಮುಂದೆ ನಿಂತು ಅವನು ಕಂಪನಿಯ ಜನ್ಮ ಜಾಲಾಡುತ್ತಿದ್ದ.

“ಯಾರಿಗೆ ಬೈತಿದ್ದೀಯೋ ಬೆಳಬೆಳಿಗ್ಗೆ?” ಎಂದು ಅಡುಗೆಮನೆಯಿಂದ ಅಮ್ಮನ ದನಿ ಬರುತ್ತಿತ್ತು.

“ಕಂಪನಿಗೆ. ಕಳ್ಳ ನನ್ಮಕ್ಕಳು.”

“ಅವರಿಗೆ ಕೇಳಿಸುತ್ತಾ?”

“ಕೇಳಿಸಿದ್ರೆ ನಾನ್ಯಾಕೆ ಹೀಗಿರ್ತಿದ್ದೆ?”

ಅಷ್ಟಕ್ಕೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರಲ್ಲ, ಇವನ ವಿಷಯದಲ್ಲಿ ಅದು ಅಕ್ಷರಶಃ ನಿಜವಾಗಿ ದವಡೆಯ ಮೇಲೆ ಎರಡು ಗಾಯ ಉಳಿಯುತ್ತಿದ್ದವು. ಅವನು ಅವಕ್ಕೆ ಕಾಗದದ ಚೂರು ಅಂಟಿಸಿಕೊಂಡು ಬಸ್ಸಿಗೆ ಓಡುತ್ತಿದ್ದ.

ಮನೆಯೆಂದರೆ ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿಯ ಪಕ್ಕ ಒಂದು ಸಣ್ಣ ಮೇಜು. ಆ ಮೇಜು ಅಪ್ಪನದು.

ಅಪ್ಪ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಅರೆಯುವ ಕೆಲಸ ಮಾಡಿ ನಿವೃತ್ತರಾದವರು. ತಿರುಗುವ ಕಲ್ಲಿಗೆ ಗಾಜಿನ ಅಂಚು ಹಿಡಿದು, ನೀರು ಹನಿಸಿ, ಕೊನೆಗೆ ಹೆಬ್ಬೆರಳಿನಿಂದ ಸುತ್ತ ಸವರಿ ನೋಡುವುದು ಅವರ ಅಭ್ಯಾಸ. ಮನೆಗೆ ತಂದ ತಟ್ಟೆ, ಬಾಗಿಲ ಚೌಕಟ್ಟು, ಮಗನ ಕೆನ್ನೆ, ಯಾವುದನ್ನು ಕಂಡರೂ ಹೆಬ್ಬೆರಳು ತಾನಾಗಿ ಮುಂದೆ ಬರುತ್ತಿತ್ತು. ಪಾರ್ಶ್ವವಾಯು ಬಡಿದು ಬಲಗೈ ಸೋತದ್ದು ಇಂಥ ಮನುಷ್ಯನಿಗೆ. ಮಾತು ನಿಧಾನವಾಗಿ ಮರಳಿತು, ಕಾಲು ಗೋಡೆ ಹಿಡಿದುಕೊಂಡು ನಡೆಯುವಷ್ಟಕ್ಕೆ ಬಂತು, ಕೈ ಮಾತ್ರ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಅಂಗಿಯ ಗುಂಡಿ ಅಮ್ಮ ಹಾಕುತ್ತಿದ್ದಳು. ಸ್ನಾನ ಅಮ್ಮ ಮಾಡಿಸುತ್ತಿದ್ದಳು. ತುತ್ತು ಅರ್ಧ ಅವರ ಕೈಯಿಂದ, ಅರ್ಧ ಅವಳ ಕೈಯಿಂದ.

ಆದರೆ ಗಡ್ಡ ಮಾತ್ರ ಅವರೇ ಮಾಡಿಕೊಳ್ಳುತ್ತಿದ್ದರು. ಹಳೆಯ ಹಿತ್ತಾಳೆ ರೇಜರು, ಕೂದಲು ಅರ್ಧ ಉದುರಿದ ಬ್ರಷ್ಷು, ಬಟ್ಟಲಲ್ಲಿ ಸೋಪು, ಪಟಿಕದ ಕಲ್ಲು, ಎಲ್ಲವೂ ಆ ಕಿಟಕಿಯ ಮೇಜಿನ ಮೇಲೆ ಒಂದು ಸ್ಟೀಲ್ ಮಗ್ಗಿನಲ್ಲಿ. ಕುರುಚಲು ಪಾಳಿ ಮುಗಿಸಿ ಮಧ್ಯಾಹ್ನ ಬಂದು ಬೂಟು ಬಿಚ್ಚುವಷ್ಟರಲ್ಲಿ ಅಮ್ಮನ ವರದಿ ಸಿದ್ಧವಾಗಿರುತ್ತಿತ್ತು: “ಇವತ್ತೂ ಅವರೇ ಮಾಡ್ಕೊಂಡ್ರು ಕಣೋ. ನೋಡು, ಎಷ್ಟು ನುಣ್ಣಗೆ.” ಅಪ್ಪ ಕೆನ್ನೆ ಮುಂದೆ ಮಾಡುತ್ತಿದ್ದರು. ಮನೆಗೆ ಬಂದ ನೆಂಟರಿಗೂ, ಕೆಳಗಿನ ಮನೆಯವರಿಗೂ ಅದೇ ಪ್ರದರ್ಶನ.

“ಉಳಿದದ್ದೆಲ್ಲ ಇವಳ ವಶಕ್ಕೆ ಹೋಯ್ತು,” ಎನ್ನುತ್ತಿದ್ದರು ಅಪ್ಪ, ಒಂದೊಂದೇ ಮಾತು ಆರಿಸಿ ಇಟ್ಟ ಹಾಗೆ. “ಮುಖ ಒಂದು ನನ್ನ ಕೈಲಿದೆ.”

ಅದೊಂದಾದರೂ ಇರುವವರೆಗೆ ಅವರು ಆ ಮನೆಯ ಯಜಮಾನರು. ಅದೂ ಹೋದರೆ ಉಣಿಸಬೇಕಾದ, ಉಡಿಸಬೇಕಾದ ಒಂದು ದೇಹ. ಇದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಗುಂಡಿ ಹಾಕಲಾಗದ ಕೈ ರೇಜರು ಹೇಗೆ ಹಿಡಿಯುತ್ತದೆ ಎಂಬ ಪ್ರಶ್ನೆ ಯಾವ ದಡ್ಡನಿಗೂ ಹೊಳೆಯಬೇಕಿತ್ತು. ಕುರುಚಲಿಗೆ ಹೊಳೆಯಲಿಲ್ಲ. ಅಪ್ಪ ಏಳುವ ಮೊದಲೇ ಅವನು ಬಸ್ಸಿನಲ್ಲಿರುತ್ತಿದ್ದ. ವಾರದ ರಜೆಯ ದಿನ ಸೂರ್ಯ ನೆತ್ತಿಗೆ ಬರುವವರೆಗೆ ಮಲಗುತ್ತಿದ್ದ. ಊರವರ ತಟ್ಟೆಯಲ್ಲಿ ಏನು ಕಡಿಮೆಯಾಯಿತು ಎಂದು ನೋಡುವ ಕಣ್ಣು, ಸಂಬಳ ಕೊಡದ ಕಡೆ ಅಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ.

ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಹಾಕುವ ಒಬ್ಬ ಹಿರಿಯನಿದ್ದ. ಎಲ್ಲದಕ್ಕೂ ಒಂದು ಸಿದ್ಧಾಂತ ಇಟ್ಟುಕೊಂಡಿದ್ದರಿಂದ ಅವನನ್ನು ‘ಪ್ರೊಫೆಸರ್’ ಎನ್ನುತ್ತಿದ್ದರು. ಒಂದು ದಿನ ಹತ್ತಿಯ ಎಳೆ ಅಂಟಿಸಿಕೊಂಡು ಪಾತ್ರೆಗಳ ಕಡೆ ಹೊರಟ ಕುರುಚಲನ್ನು ತಡೆದು ಅವನು ಕೇಳಿದ:

“ಎಷ್ಟು ಅಲಗು?”

“ಐದು.”

“ಒಂದು ಕೂದಲಿಗೆ ಐದು ಜನ ಕಟುಕರು. ಹುಲ್ಲು ಕೊಯ್ಯೋಕೆ ದಂಡು ಕಳಿಸಿದ ಹಾಗಾಯ್ತು. ನಿಮ್ಮಪ್ಪ ಯಾವುದರಲ್ಲಿ ಮಾಡ್ಕೋತಾರೆ?”

“ಹಳೇ ಕಾಲದ್ದು. ಹಿತ್ತಾಳೆದು. ಬುಡ ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆಯುತ್ತಲ್ಲ, ಅದು.”

ಪ್ರೊಫೆಸರ್ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ. “ಮನೇಲಿ ಅಂಥ ಮಾಲು ಇಟ್ಕೊಂಡು ಕಂಪನಿಯವರ ಕಾಲಿಗೆ ಬೀಳ್ತಿದ್ದೀಯಲ್ಲೋ. ಗಡ್ಡಕ್ಕೆ ಬೆಂಕಿ ಬಿದ್ದಾಗ ಬೀಡಿ ಹಚ್ಕೊಳ್ಳೋಕೆ ಬಂದವನು ಕಂಪನಿಯವನು. ಅಪ್ಪನ ರೇಜರಿಗೆ ಎರಡು ಕಡೆ ಅಲಗಿರೋ ಸಾದಾ ಬ್ಲೇಡು ಹಾಕು. ಒಂದು ಪ್ಯಾಕಿಗೆ ಒಂದು ಟೀ ಕುಡಿದಷ್ಟೇ ಖರ್ಚು. ಬಿಸಿನೀರಲ್ಲಿ ಮುಖ ನೆನೆಸು, ಸೋಪನ್ನ ಬ್ರಷ್ಷಲ್ಲಿ ತಿರುಗಿಸು, ನೊರೆ ಮೊಸರಿನ ಹಾಗೆ ನಿಲ್ಲಬೇಕು. ಆಮೇಲೆ ಒತ್ತಬೇಡ, ರೇಜರಿನ ಭಾರವೇ ಕೆಲಸ ಮಾಡುತ್ತೆ. ಮುಗಿದ ಮೇಲೆ ಬ್ಲೇಡು ತೆಗೆದು ಒಣಗಿಸಿಡು. ಮರೀಬೇಡ.”

ಕುರುಚಲು ಆ ಸಂಜೆಯೇ ಬ್ಲೇಡಿನ ಪೊಟ್ಟಣ ಕೊಂಡ. ಮರುದಿನ ನಸುಕಿನಲ್ಲಿ ಅಪ್ಪನ ಮಗ್ಗು ಎತ್ತಿಕೊಂಡು ಬಚ್ಚಲಿಗೆ ಹೋದ. ರೇಜರಿನ ಬುಡ ತಿರುಗಿಸಿದಾಗ ಒಳಗೆ ಬ್ಲೇಡಿರಲಿಲ್ಲ. ಅಪ್ಪನೂ ಒಣಗಿಸಿಡುವವರೇ ಇರಬೇಕು, ಹಳೇ ಕಾಲದ ಶಿಸ್ತು ಅಂದುಕೊಂಡ. ಹೊಸ ಬ್ಲೇಡು ಹಾಕಿ, ಎರಡು ಕಡೆ ಕೊಯ್ದುಕೊಂಡು, ಮೂರನೆಯ ದಿನದ ಹೊತ್ತಿಗೆ ಕೈ ಹದಕ್ಕೆ ತಂದುಕೊಂಡ. ಬ್ಲೇಡು ಕೂದಲಿಗೆ ತಾಗಿದಾಗ ಸರಸರ ಎಂದು ಒಣ ಎಲೆಯ ಮೇಲೆ ನಡೆದಂಥ ಸಣ್ಣ ಸದ್ದು. ಐದು ಅಲಗಿನ ದಂಡು ಎಂದೂ ಮಾಡದ ಸದ್ದು. ಹತ್ತಿ ಸಾಹೇಬರು ಕೆನ್ನೆಯ ಮೇಲೆ ಹತ್ತಿ ಎಳೆದರು. ಅದು ಜಾರಿ ನೆಲಕ್ಕೆ ಬಿತ್ತು. ಅವರು ಬಗ್ಗಿ ಹತ್ತಿ ಎತ್ತಿಕೊಂಡು ಮುಂದಿನವನ ಕಡೆ ಹೋದರು. ಆ ನಡಿಗೆಯಲ್ಲಿ ಸ್ವಲ್ಪ ನಿರಾಸೆ ಇದ್ದಂತಿತ್ತು.

ಗೆದ್ದವನು ಮನೆಗೆ ಬಂದು ಸುಮ್ಮನಿರುತ್ತಾನೆಯೇ? ಊಟಕ್ಕೆ ಕೂತಾಗ ಘೋಷಿಸಿದ, “ಅಮ್ಮಾ, ಆ ಕಂಪನಿ ಸಹವಾಸ ಮುಗೀತು. ಇನ್ನು ಆ ದುಬಾರಿ ತಲೆ ನಮ್ಮನೆ ಬಾಗಿಲು ಹೊಗಲ್ಲ.”

ಅಮ್ಮ ಬಡಿಸುತ್ತಿದ್ದ ಸೌಟು ತಟ್ಟೆಯ ಮೇಲೆ ಅರೆಗಳಿಗೆ ನಿಂತಿತು. “ಒಂದಾದ್ರೂ ತಂದಿಟ್ಟಿರು.”

“ಯಾಕೆ?”

“ಇರ್ಲಿ. ಅವಸರಕ್ಕೆ ಆಗುತ್ತೆ.”

“ಅವಸರಕ್ಕೆ ಹಳೇದು ಬಚ್ಚಲಲ್ಲೇ ಇದೆಯಲ್ಲ.”

“ಹೂಂ,” ಅಂದಳು ಅಮ್ಮ. “ಅದನ್ನ ಬಿಸಾಡಬೇಡ ಮತ್ತೆ.”

ಅವನು ಬಿಸಾಡಲಿಲ್ಲ. ದಿನ ಕಳೆದಂತೆ ಒಂದು ವಿಚಿತ್ರ ಕಂಡಿತು. ಇವನ ಮುಖ ಹೊಳಪಾಗುತ್ತ ಹೋದಂತೆ ಅಪ್ಪನ ಮುಖ ಮಂಕಾಗುತ್ತಿತ್ತು. ಗಲ್ಲದ ಕೆಳಗೆ ಬಿಳಿ ಕೂದಲ ತೇಪೆಗಳು. ಕೆನ್ನೆಯ ಮೇಲೆ ಉಜ್ಜಿ ಕೆಂಪಾದ ಗೆರೆಗಳು. ಅಮ್ಮನ ವರದಿಯಲ್ಲೂ ‘ನೋಡು, ಎಷ್ಟು ನುಣ್ಣಗೆ’ ಎಂಬ ಬಾಲ ಉದುರಿಹೋಗಿತ್ತು. ಕುರುಚಲು ಎಂದಿನಂತೆ ತಮಾಷೆಗೆ ಕೈ ಹಾಕಿದ.

“ಏನಪ್ಪಾ, ಕೆಲಸ ಸಡಿಲ ಬಿಟ್ಟಿದ್ದೀರಿ. ನಮ್ಮ ಹತ್ತಿ ಸಾಹೇಬರ ಕೈಗೆ ಸಿಕ್ಕಿದ್ರೆ ಇವತ್ತು ನೀವು ಪಾತ್ರೆ ತೊಳೀಬೇಕಿತ್ತು.”

ಅಪ್ಪ ನಕ್ಕರು. ಬಾಯಿಯ ಒಂದು ಬದಿ ನಗುತ್ತಿತ್ತು, ಇನ್ನೊಂದು ಬದಿ ಅದನ್ನು ನೋಡುತ್ತಿತ್ತು. “ವಯಸ್ಸಾಯ್ತಲ್ಲೋ. ಬ್ಲೇಡಿಗೂ, ನನಗೂ.”

ಅಮ್ಮ ಎದ್ದು ಒಳಗೆ ಹೋದಳು. ಕುರುಚಲು ತನ್ನ ಮಾತಿಗೆ ತಾನೇ ಇನ್ನೊಂದು ಸಲ ನಕ್ಕ.

ಆಮೇಲೊಂದು ವಾರದ ರಜೆ ಬಂತು. ನೊರೆ ಎಬ್ಬಿಸುವ ಹುಚ್ಚು ಎಷ್ಟು ಹಿಡಿದಿತ್ತೆಂದರೆ ರಜೆಯ ದಿನವೂ ಅವನು ನಸುಕಿಗೇ ಎದ್ದ. ಯಾವ ಹತ್ತಿಯ ಹೆದರಿಕೆಯೂ ಇಲ್ಲದೆ, ಬರಿಯ ಸುಖಕ್ಕಾಗಿ ಗಡ್ಡ ಮಾಡಿಕೊಂಡ. ರೇಜರನ್ನು ನೀರಲ್ಲಿ ಅಲ್ಲಾಡಿಸಿ ಮಗ್ಗಿಗೆ ಹಾಕಿ, ಮಗ್ಗನ್ನು ಕಿಟಕಿಯ ಮೇಜಿನ ಮೇಲಿಟ್ಟು ಮತ್ತೆ ಹೋಗಿ ಮಲಗಿದ. ಬ್ಲೇಡು ತೆಗೆಯಲಿಲ್ಲ. ಬೇರೆ ದಿನಗಳಲ್ಲಿ ತುಕ್ಕಿನ ಹೆದರಿಕೆಗೆ ತೆಗೆಯುತ್ತಿದ್ದ. ಇವತ್ತು ರಜೆ, ಆಮೇಲೆ ತೆಗೆದರಾಯಿತು ಅಂದುಕೊಂಡ.

ಎಚ್ಚರವಾದಾಗ ಬಿಸಿಲು ಬಂದಿತ್ತು. ಮುಂಬಾಗಿಲು ಮುಚ್ಚಿಕೊಂಡ ಸದ್ದು. ಅಮ್ಮ ಹಾಲು ತರಲು ಹೋದಳು. ಅಡುಗೆಮನೆಯಲ್ಲಿ ಮಗ್ಗಿಗೆ ಬ್ರಷ್ಷು ತಾಗುವ ಸದ್ದು ಕೇಳಿಸಿತು. ಅಪ್ಪ ಗಡ್ಡ ಮಾಡಿಕೊಳ್ಳುವುದನ್ನು ನೋಡಿ ಎಷ್ಟು ಕಾಲವಾಯಿತು ಅನ್ನಿಸಿ ಅವನು ಎದ್ದು ಬಾಗಿಲ ಬಳಿ ಬಂದು ನಿಂತ.

ಅಪ್ಪ ಬೆನ್ನು ಮಾಡಿ ಕೂತಿದ್ದರು. ಕನ್ನಡಿಯಲ್ಲಿ ಮುಖ ಕಾಣುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಎರಡೂ ಕೈ ಸೇರಿಸಿ ಒಂದು ಬ್ರಷ್ಷನ್ನು ಕೆನ್ನೆಯ ಮೇಲೆ ಸುತ್ತಿಸುತ್ತಿದ್ದರು. ನೊರೆ ಕಿವಿಗೆ, ಮೂಗಿಗೆ, ಬನಿಯನ್ನಿಗೆ ಹಂಚಿಹೋಗುತ್ತಿತ್ತು. ಅವರು ಅವಸರ ಮಾಡಲಿಲ್ಲ. ಆಮೇಲೆ ರೇಜರನ್ನು ಹಾಗೇ ಎರಡು ಕೈಯಿಂದ ಎತ್ತಿದರು. ಅದು ಗಾಳಿಯಲ್ಲಿ ನಡುಗಿತು. ಇವರು ಈ ಕೈಯಲ್ಲಿ ದಿನವೂ ಗಡ್ಡ ಮಾಡಿಕೊಳ್ಳುತ್ತಾರೆಯೇ ಎಂದು ಅವನಿಗೆ ಕೊನೆಗೂ ಅನ್ನಿಸಿದ್ದು ಆಗ. ಅನ್ನಿಸಿ ಮುಗಿಯುವ ಮೊದಲೇ ಅಪ್ಪ ರೇಜರನ್ನು ಕೆನ್ನೆಗೆ ಒತ್ತಿ, ನೆಲ ಒರೆಸುವವರ ಹಾಗೆ ಬಲವಾಗಿ ಕೆಳಗೆಳೆದರು.

ಬಿಳಿ ನೊರೆಯಲ್ಲಿ ಒಂದು ಕೆಂಪು ಪಟ್ಟಿ ಎದ್ದಿತು.

“ಅಪ್ಪಾ.”

ಅವನು ಓಡಿ ಹೋಗಿ ರೇಜರು ಕಿತ್ತುಕೊಂಡ. ಟವೆಲ್ಲು ಒತ್ತಿ ಹಿಡಿದ. ಅಪ್ಪ ಕನ್ನಡಿಯಲ್ಲಿ ಮಗನ ಮುಖ ನೋಡಿದರು.

“ಬ್ಲೇಡು ಹಾಕಿದ್ಯಾ?”

“ಬ್ಲೇಡು ಇಲ್ದೆ...” ಅವನು ಅರ್ಧಕ್ಕೇ ನಿಂತ. ರೇಜರಿನ ಬುಡ ತಿರುಗಿಸಿದಾಗಲೆಲ್ಲ ಒಳಗೆ ಏನೂ ಇರದೇ ಇದ್ದದ್ದು ನೆನಪಾಯಿತು. ಮೇಜಿನ ಮೇಲೆ ಎಲ್ಲೂ ಒಣಗಲು ಇಟ್ಟ ಬ್ಲೇಡು ಕಂಡಿರಲಿಲ್ಲ. ಇಡೀ ಮನೆಯಲ್ಲಿ ಇವನು ತಂದ ಪೊಟ್ಟಣ ಬಿಟ್ಟರೆ ಬೇರೆ ಪೊಟ್ಟಣವೇ ಇರಲಿಲ್ಲ.

“ನಿಮ್ಮಮ್ಮ ತೆಗೆದಿಟ್ಳು,” ಅಂದರು ಅಪ್ಪ. “ಆಸ್ಪತ್ರೆಯಿಂದ ಬಂದ ಹೊಸದರಲ್ಲೇ. ಒಂದು ಸಲ ಕೊಯ್ಕೊಂಡೆ. ತುಂಬ ಅತ್ತಳು. ಮಾರನೇ ದಿನದಿಂದ ಬ್ಲೇಡು ಇಲ್ಲ.”

“ನಿಮಗೆ ಹೇಳಿ ತೆಗೆದಳಾ?”

“ಹೇಳ್ತಾಳಾ?” ಅಪ್ಪನ ತುಟಿಯ ಎಡ ತುದಿ ಸ್ವಲ್ಪ ಎದ್ದಿತು. “ಬ್ಲೇಡು ಇದ್ರೆ ಸದ್ದು ಬರುತ್ತೆ ಕಣೋ. ಇಲ್ಲದಿದ್ರೆ ಬರಲ್ಲ. ಅಷ್ಟು ಗೊತ್ತಾಗಲ್ವಾ ನನಗೆ?”

“ಮತ್ತೆ ಮುಖ ನುಣ್ಣಗಿರ್ತಿತ್ತಲ್ಲ.”

“ನಾನು ಮುಗಿಸ್ತೀನಿ. ಆಮೇಲೆ ಬರ್ತಾಳೆ. ಕಿವಿ ಹತ್ರ ಒಂಚೂರು ಉಳಿದಿದೆ ನೋಡಿ ಅಂತಾಳೆ. ನಿನ್ನ ಆ ಪ್ಲಾಸ್ಟಿಕ್‌ನದು ತಂದು, ಆ ಒಂಚೂರು ತೆಗೀತಾಳೆ.” ಉಸಿರು ತೆಗೆದುಕೊಂಡರು. “ಆ ಒಂಚೂರು ಈ ಕಿವಿಯಿಂದ ಆ ಕಿವಿವರೆಗೂ ಇರುತ್ತೆ. ನಾನು ಕಣ್ಮುಚ್ಕೊಂಡು ಕೂತ್ಕೋತೀನಿ.”

ಕುರುಚಲು ಟವೆಲ್ಲು ಮಡಿಸಿ ಮತ್ತೆ ಗಾಯಕ್ಕೆ ಒತ್ತಿದ. ಕಂಪನಿಗೆ ಬೈದ ಬೈಗುಳವೆಲ್ಲ ಒಂದೊಂದಾಗಿ ತಿರುಗಿ ಬಂದು ಅವನ ಮುಂದೆ ಕೂತವು. ವಾರಕ್ಕೇ ಮೊಂಡಾಗುತ್ತಿದ್ದ ಐದು ಅಲಗು. ಗೋಡೆಯ ಆಚೆ ಜೋರಾಗುತ್ತಿದ್ದ ಪಾತ್ರೆಯ ಸದ್ದು. ‘ಒಂದಾದ್ರೂ ತಂದಿಟ್ಟಿರು.’ ಮಗ ಹಣ ಉಳಿಸಿದ ಖುಷಿಯಲ್ಲಿದ್ದಾಗ ಅಮ್ಮ ಆ ಹಳೆಯ ಮೊಂಡು ತಲೆಯಲ್ಲೇ ಅಪ್ಪನ ಕೆನ್ನೆ ಉಜ್ಜುತ್ತಿದ್ದಳು. ಹೊಸದು ತಾ ಎಂದರೆ ಯಾಕೆಂದು ಹೇಳಬೇಕಿತ್ತು, ಹೇಳಿದರೆ ಅಪ್ಪನ ಕೈಯಲ್ಲಿ ಉಳಿದಿದ್ದ ಆ ಒಂದು ಮುಖವೂ ಹೋಗುತ್ತಿತ್ತು.

“ಬ್ಲೇಡು ಇಲ್ಲ ಅಂತ ಗೊತ್ತಿದ್ದೇ ಒತ್ತಿದ್ದು,” ಅಂದರು ಅಪ್ಪ. “ಇದೆ ಅಂತ ಗೊತ್ತಿದ್ರೆ ಹುಷಾರಾಗಿರ್ತಿದ್ದೆ.”

“ನನ್ನ ತಪ್ಪು ಅಪ್ಪ.”

“ತಪ್ಪು ಆಮೇಲೆ. ಪಟಿಕ ಹಚ್ಚು. ಅವಳು ಬರೋ ಹೊತ್ತಾಯ್ತು.” ಪಟಿಕ ಉರಿದಾಗ ಕಣ್ಣು ಕಿರಿದು ಮಾಡಿದರು. “ನನಗೆ ಗೊತ್ತು ಅಂತ ಅವಳಿಗೆ ಗೊತ್ತಾಗಬಾರದು. ತಿಳೀತಾ? ಇಷ್ಟು ದಿನ ಕಷ್ಟಪಟ್ಟಿದ್ದಾಳೆ. ನಾಟಕ ಹಾಳಾದ್ರೆ ಅವಳು ತಡ್ಕೊಳ್ಳಲ್ಲ.”

“ಗಾಯಕ್ಕೆ ಏನು ಹೇಳೋದು?”

“ನಾನೇ ಹೊಸ ಬ್ಲೇಡು ಹಾಕ್ಕೊಂಡೆ ಅನ್ನೋಣ.”

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಬಂತು. ಅಮ್ಮ ಹಾಲಿನ ಚೀಲ ಹಿಡಿದು ಒಳಗೆ ಬಂದವಳು ಟವೆಲ್ಲಿನ ಕೆಂಪು ನೋಡಿದಳು, ಅಪ್ಪನ ಕೆನ್ನೆ ನೋಡಿದಳು, ಮೇಜಿನ ಮೇಲಿದ್ದ ರೇಜರನ್ನು ಬಹಳ ಹೊತ್ತು ನೋಡಿದಳು.

“ಏನಾಯ್ತು?”

“ಮೊಂಡಾಗಿತ್ತಲ್ಲ,” ಅಂದರು ಅಪ್ಪ. “ಇವನ ಪೊಟ್ಟಣದಿಂದ ಒಂದು ಹೊಸದು ತಗೊಂಡು ಹಾಕ್ಕೊಂಡೆ.”

“ಈ ಕೈಯಲ್ಲಾ?”

“ಮತ್ತೆ ಬಾಡಿಗೆ ಕೈ ತರ್ಲಾ?”

ಅಮ್ಮ ಮಗನ ಕಡೆ ತಿರುಗಿದಳು. ಅವನು ನಿಂತ ಜಾಗದಲ್ಲಿ ನೆಲ ಬಾಯಿ ಬಿಟ್ಟಿದ್ದರೆ ಸಂತೋಷದಿಂದ ಇಳಿದುಹೋಗುತ್ತಿದ್ದ. “ನಾನು ಬರೋ ಹೊತ್ತಿಗೆ ಹಾಕ್ಕೊಂಡು ಆಗಿತ್ತಮ್ಮ,” ಅಂದ. “ಸರಿಯಾಗೇ ಹಾಕಿದ್ರು.”

“ಸರಿಯಾಗೇ ಹಾಕಿದ್ರಂತೆ,” ಎಂದು ಅಮ್ಮ ಹಾಲಿನ ಚೀಲ ಕೆಳಗಿಟ್ಟಳು. “ಅಪ್ಪನಿಗೂ ಬುದ್ಧಿ ಇಲ್ಲ, ಮಗನಿಗೂ ಇಲ್ಲ.” ಆಮೇಲೆ ಸೆರಗಿನ ತುದಿ ನೀರಲ್ಲಿ ಅದ್ದಿ ಅಪ್ಪನ ಕಿವಿಯೊಳಗೆ ಹೋಗಿದ್ದ ನೊರೆ ಒರೆಸಿದಳು. ಒರೆಸುತ್ತ, ಕಿಟಕಿಯ ಆಚೆ ಯಾರಿಗೋ ಹೇಳುವ ಹಾಗೆ ಹೇಳಿದಳು, “ಆ ಕೈಯಲ್ಲಿ ಬ್ಲೇಡು ಹಾಕ್ಕೊಂಡ್ರು ಅಂದ್ರೆ ಡಾಕ್ಟರಿಗೆ ಹೇಳಬೇಕು. ಸುಧಾರಿಸಿದ್ದಾರೆ ಅಂತ.”

ಅವಳು ನಂಬಿದಳೋ, ನಂಬಿದ ಹಾಗೆ ಮಾಡಿದಳೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹೋಟೆಲಿನಲ್ಲಿ ಗಿರಾಕಿಯ ಹುಬ್ಬು ನೋಡಿ ಉಪ್ಪು ಕಡಿಮೆಯೋ ಜಾಸ್ತಿಯೋ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುವವನು ಅಮ್ಮನ ಬೆನ್ನನ್ನು ಓದಲಾರದೆ ನಿಂತಿದ್ದ.

ಅದೇ ಸಂಜೆ ಅವನು ಅಂಗಡಿಗೆ ಹೋಗಿ ಬೀಗದ ಪೆಟ್ಟಿಗೆ ತೆರೆಸಿದ. ಹಿತ್ತಾಳೆ ರೇಜರು ಬರಿದಾಗಿ ಮಗ್ಗಿಗೆ ಮರಳಿತು, ಹೊಸ ಐದು ಅಲಗು ಬಚ್ಚಲಿಗೆ ಬಂತು. ಪ್ರೊಫೆಸರಿಗೆ ಬ್ಲೇಡಿನ ಪೊಟ್ಟಣ ದಾನ ಕೊಟ್ಟ. “ನನ್ನ ಚರ್ಮಕ್ಕೆ ಆಗ್ಬರ್ಲಿಲ್ಲ,” ಅಂದ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ,” ಅಂದ ಪ್ರೊಫೆಸರ್. “ನಿನ್ನಂಥವರಿಂದಲೇ ಆ ಕಂಪನಿ ಬದುಕಿರೋದು.”

“ಹೌದು,” ಅಂದ ಕುರುಚಲು.

ಆಮೇಲೆ ಅವನಿಗೆ ಮನೆಯಲ್ಲಿ ಒಂದು ಪಾತ್ರ ಸಿಕ್ಕಿತು. ನಸುಕಿನಲ್ಲಿ ಬಚ್ಚಲ ಬಾಗಿಲು ಅರೆ ತೆರೆದಿಟ್ಟು, ಅಡುಗೆಮನೆಗೆ ಕೇಳುವ ಹಾಗೆ ಬೈಯುವುದು. ಮೊದಲು ನಿಜವಾದ ಸಿಟ್ಟಿಗೆ ಬೈಯುತ್ತಿದ್ದವನು ಈಗ ಹೊಸ ಹೊಸ ಬೈಗುಳ ಹೊಂದಿಸಿಕೊಂಡು ಬೈಯುತ್ತಿದ್ದ: ಈ ಕಂಪನಿಯವರ ವಂಶ ಬೋಳಾಗಲಿ, ಇವರ ಅಲಗಿಗಿಂತ ನಮ್ಮ ಬಸ್ಸಿನ ಕಿಟಕಿ ಚೂಪು. ಅಮ್ಮ “ಅವರಿಗೆ ಕೇಳಿಸುತ್ತಾ?” ಎನ್ನುತ್ತಿದ್ದಳು. ಒಳಕೋಣೆಯಲ್ಲಿ ಮಲಗಿದ್ದ ಅಪ್ಪ ಕೆಮ್ಮುತ್ತಿದ್ದರು. ಅದು ಕೆಮ್ಮಲ್ಲ, ನುಂಗಿದ ನಗು ಎಂದು ಅವನಿಗೆ ಗೊತ್ತಿತ್ತು. ಮಧ್ಯಾಹ್ನ ಬಂದಾಗ ಅಪ್ಪ ಕೆನ್ನೆ ಮುಂದೆ ಮಾಡುತ್ತಿದ್ದರು, ಅವನು ಜೇಬಿನಿಂದ ಹತ್ತಿ ತೆಗೆದು ಸವರುತ್ತಿದ್ದ. ಹತ್ತಿ ಜಾರಿ ಬೀಳುತ್ತಿತ್ತು. “ಪಾಸು,” ಎನ್ನುತ್ತಿದ್ದ. ಅಮ್ಮ ಹತ್ತಿಯ ಚೂರು ಹೆಕ್ಕಿ ಕಿಟಕಿಯಿಂದ ಆಚೆ ಹಾಕುತ್ತಿದ್ದಳು. ಕೆನ್ನೆಯ ಮೇಲೆ ಆ ಗಾಯದ ಗೆರೆ ಉಳಿದೇ ಉಳಿಯಿತು. ಅದರ ಮೇಲೆ ಮಾತ್ರ ಕೂದಲು ಬೆಳೆಯಲಿಲ್ಲ.

ಚಳಿಗಾಲ ಕಳೆಯುವಷ್ಟರಲ್ಲಿ ಅಪ್ಪನಿಗೆ ಎರಡನೆಯ ಸಲ ಪಾರ್ಶ್ವವಾಯು ಬಡಿಯಿತು. ಈ ಸಲ ಮಾತು ಮರಳಲಿಲ್ಲ. ಆಸ್ಪತ್ರೆಯಲ್ಲಿ ವಾರ್ಡಿನ ಸಹಾಯಕನೊಬ್ಬ ಬಂದು, ಒಳ್ಳೆಯ ಮನಸ್ಸಿನಿಂದಲೇ, ಅಪ್ಪನ ತಲೆ ಹಿಡಿದು ಪಟಪಟನೆ ಗಡ್ಡ ಕೆರೆದು ಹೋದ. ಅಪ್ಪ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಸಂಜೆಯವರೆಗೂ ಈ ಕಡೆ ತಿರುಗಲಿಲ್ಲ. ಮನೆಗೆ ಕರೆತಂದ ಮೇಲೆ ಅಮ್ಮ ಮಗ್ಗನ್ನು ಹಾಸಿಗೆಯ ಪಕ್ಕಕ್ಕೆ ತಂದಳು. ಕನ್ನಡಿ ದಿಂಬಿಗೆ ಒರಗಿಸಿದಳು. ಅಪ್ಪನ ಬೆರಳುಗಳನ್ನು ಹಿತ್ತಾಳೆ ರೇಜರಿನ ಸುತ್ತ ಒಂದೊಂದಾಗಿ ಮಡಿಸಿ, ಮೇಲೆ ತನ್ನ ಕೈ ಇಟ್ಟು, ಕೆನ್ನೆಯ ಮೇಲೆ ಮೆಲ್ಲಗೆ ಎಳೆದಳು. ಯಾವ ಸದ್ದೂ ಬರಲಿಲ್ಲ. “ಚೆನ್ನಾಗಿ ಮಾಡ್ಕೊಂಡ್ರಿ,” ಅಂದಳು. “ಕಿವಿ ಹತ್ರ ಒಂಚೂರು ಉಳಿದಿದೆ, ಇರಿ.”

ಒಂದು ಬೆಳಿಗ್ಗೆ ಹೋಟೆಲಿಗೆ ಫೋನು ಬಂತು. ಹತ್ತಿ ಸಾಹೇಬರೇ ಊಟದ ಹಾಲಿಗೆ ಬಂದು ಅವನ ಕೈಯಿಂದ ತಟ್ಟೆ ತೆಗೆದುಕೊಂಡರು. “ಹೋಗಪ್ಪ,” ಅಂದರು. ಯಾವತ್ತೂ ‘ಅಪ್ಪ’ ಅಂದವರಲ್ಲ.

ಅವನು ಮನೆ ಸೇರಿದಾಗ ಜನ ಇನ್ನೂ ಬಂದಿರಲಿಲ್ಲ. ಅಮ್ಮ ಬಿಸಿನೀರು ಕಾಯಿಸಿ, ಸೋಪು ತಿರುಗಿಸಿ, ಅಪ್ಪನ ಮುಖಕ್ಕೆ ನೊರೆ ಹಚ್ಚುತ್ತಿದ್ದಳು. ನೊರೆ ಮೊಸರಿನ ಹಾಗೆ ನಿಂತಿತ್ತು. ಅವಳು ಮೊದಲು ಹಿತ್ತಾಳೆ ರೇಜರನ್ನೇ ಎತ್ತಿಕೊಂಡಳು. ಬ್ಲೇಡಿಲ್ಲದ ಅದನ್ನು ಈ ಕಿವಿಯಿಂದ ಆ ಕಿವಿಯವರೆಗೆ ಪೂರ್ತಿ ಎಳೆದು, ನೀರಲ್ಲಿ ತೊಳೆದು ಕೆಳಗಿಟ್ಟಳು. ಆಮೇಲೆಯೇ ಪ್ಲಾಸ್ಟಿಕ್ಕಿನದು ತೆಗೆದುಕೊಂಡಳು. ಬಾಗಿಲಲ್ಲಿ ನಿಂತ ಮಗನನ್ನು ಅವಳು ನೋಡಲಿಲ್ಲ, ಅಥವಾ ನೋಡಿಯೂ ಸುಮ್ಮನಿದ್ದಳು. ಅವನು ಬೂಟು ಬಿಚ್ಚದೆ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ.

ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೊರಟ ದಿನ ಅವನು ಹೊಸ ತಲೆ ಸಿಕ್ಕಿಸಿಕೊಂಡ. ಹಳೆಯದನ್ನು ಬಿಸಾಡಲು ಮನಸ್ಸಾಗದೆ ಅಪ್ಪನ ಮಗ್ಗಿನಲ್ಲಿ ಇಟ್ಟ. ವಾರ ಕಳೆಯಿತು, ಬ್ಲೇಡು ಮೊಂಡಾಗಲಿಲ್ಲ. ಮತ್ತೊಂದು ವಾರ ಕಳೆಯಿತು. ಅದು ಮೊದಲ ದಿನದಂತೆಯೇ ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರುತ್ತಿತ್ತು. ದಿನವೂ ಅವನು ಕೆನ್ನೆಗೆ ಹಚ್ಚಿ ಎಲ್ಲಾದರೂ ಕೂದಲು ಹಿಡಿದು ಎಳೆಯುತ್ತದೋ ಎಂದು ಕಾಯುತ್ತಿದ್ದ. ಪೊಟ್ಟಣದ ಮೇಲೆ ಬರೆದದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು.

ಒಂದು ನಸುಕಿನಲ್ಲಿ ಅವನು ಬಚ್ಚಲ ಕನ್ನಡಿಯ ಮುಂದೆ ಅರ್ಧ ನೊರೆಯಲ್ಲಿ ನಿಂತಿದ್ದಾಗ ಅಡುಗೆಮನೆಯಿಂದ ಅಮ್ಮನ ದನಿ ಬಂತು.

“ಇತ್ತೀಚೆಗೆ ಕಂಪನಿಗೆ ಬೈಯೋದೇ ಇಲ್ಲ ನೀನು.”

ಅವನು ನಲ್ಲಿ ನಿಲ್ಲಿಸಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿರಲಿಲ್ಲ, ಅವಳು ಕಾಯುತ್ತಿದ್ದಳು.

“ಮೊಂಡಾಗಿದೆ ಅಮ್ಮ,” ಅಂದ. ಗೋಡೆಯ ಆಚೆ ಕೇಳುವ ಹಾಗೆ ಇನ್ನೊಂದು ಸಲ ಜೋರಾಗಿ ಅಂದ, “ಕಳ್ಳ ನನ್ಮಕ್ಕಳು, ನಿನ್ನೆ ಹಾಕಿದ್ದು ಇವತ್ತೇ ಮೊಂಡು.”

“ಅವರಿಗೆ ಕೇಳಿಸುತ್ತಾ?” ಅಂದಳು ಅಮ್ಮ.

ಅವನು ನುಣುಪಾದ ಕೆನ್ನೆಯ ಮೇಲೆ ಹೆಬ್ಬೆರಳು ಆಡಿಸುತ್ತ ಒಳಕೋಣೆಯ ಕಡೆ ಕಿವಿಗೊಟ್ಟ. ಅಲ್ಲಿ ಯಾರೂ ಕೆಮ್ಮಲಿಲ್ಲ.